ಪಿಎಸ್‌ಎ ಏರಿದಾಗ: ಪ್ರಾಸ್ಟೇಟ್ ಉರಿಯೂತ ಯಾವುದು, ಕ್ಯಾನ್ಸರ್ ಯಾವುದು ಎಂದು ಬಿಡಿಸಿ ನೋಡುವ ಕ್ರಮ

ತುಮಕೂರಿನ ಬಿ.ಎಚ್. ರಸ್ತೆಯ ಲ್ಯಾಬಿನಿಂದ ರಿಪೋರ್ಟ್ ಬಂದಿದೆ ಅಂದುಕೊಳ್ಳಿ. ಅಪ್ಪನಿಗೆ 63 ವರ್ಷ. ‘ಟೋಟಲ್ ಪಿಎಸ್‌ಎ 7.8’ ಅನ್ನುವ ಸಾಲು ದಪ್ಪಕ್ಷರದಲ್ಲಿದೆ, ಪಕ್ಕದಲ್ಲಿ ‘0–4’ ಅಂತಿದೆ. ಇಲ್ಲಿಂದ ಮುಂದೆ ಮನೆಗಳಲ್ಲಿ ಎರಡರಲ್ಲೊಂದು ನಡೆಯುತ್ತದೆ. ಒಂದೋ, ಕ್ಯಾನ್ಸರ್ ಬಂದೇಬಿಟ್ಟಿತು ಎಂದು ಮಾರನೆಯ ದಿನವೇ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಇಲ್ಲವೋ, ‘ಇನ್‌ಫೆಕ್ಷನ್ ಇರಬೇಕು’ ಎಂದು ಯಾರೋ ಹೇಳಿದ ಮಾತಿಗೆ ಮೆಡಿಕಲ್ ಶಾಪಿನಿಂದ ಐದು ದಿನದ ಮಾತ್ರೆ ತಂದು ನುಂಗಿಸಿ, ರಿಪೋರ್ಟನ್ನು ಬೀರುವಿಗೆ ಸೇರಿಸುತ್ತಾರೆ. ಎರಡನೆಯದೇ ಹೆಚ್ಚು ಅಪಾಯದ್ದು, ಯಾಕೆಂದರೆ ಅದರಲ್ಲಿ ಅರ್ಧ ಸತ್ಯವಿದೆ.

ಪ್ರಾಸ್ಟೇಟ್ ಮೂತ್ರಕೋಶದ ಬುಡದಲ್ಲಿ, ಗುದನಾಳಕ್ಕೆ ಅಂಟಿಕೊಂಡಂತೆ ಮುಂದೆ ಕೂತಿರುವ ಗ್ರಂಥಿ. ಹರೆಯದಲ್ಲಿ ಸುಮಾರು 20–25 ಗ್ರಾಂ ತೂಗುತ್ತದೆ. ಮೂತ್ರನಾಳ ಅದರ ನಡುವೆಯೇ ಹಾದುಹೋಗುತ್ತದೆ. ಪಿಎಸ್‌ಎ ಎಂಬ ಪ್ರೋಟೀನು ತಯಾರಾಗುವುದು ಈ ಗ್ರಂಥಿಯಲ್ಲೇ, ಸೇರಬೇಕಾದದ್ದು ವೀರ್ಯಕ್ಕೆ. ಗ್ರಂಥಿಯ ಒಳಗೋಡೆ ಗಟ್ಟಿಯಿದ್ದರೆ ರಕ್ತಕ್ಕೆ ಸೋರುವುದು ತೀರಾ ಸ್ವಲ್ಪ. ಬಾವು ಬಂದಾಗ ಆ ಗೋಡೆ ಸಡಿಲವಾಗಿ ಪಿಎಸ್‌ಎ ರಕ್ತಕ್ಕೆ ನುಗ್ಗುತ್ತದೆ. ಕ್ಯಾನ್ಸರ್ ಗೋಡೆಯ ಕಟ್ಟಡವನ್ನೇ ಕೆಡಿಸಿದಾಗಲೂ ಆಗುವುದು ಅದೇ. ಸೋರುತ್ತಿರುವುದು ಯಾಕೆ ಎಂಬುದನ್ನು ಅಂಕಿ ಹೇಳುವುದಿಲ್ಲ. ಆದ್ದರಿಂದ ಮೊದಲು ಬಾವನ್ನು ತಣಿಸಬೇಕು, ಆಮೇಲೆ ಅಳೆಯಬೇಕು. ಅಂಕಿ ಇಳಿದರೂ ಕಡತ ಮುಚ್ಚಬಾರದು.

ಉರಿಯೂತ ಕ್ಯಾನ್ಸರಿಗೆ ಹೇಗೆ ದಾರಿ ಮಾಡಿಕೊಡುತ್ತದೆ

ಬಾವು ಬಂದ ಜಾಗಕ್ಕೆ ಬಿಳಿ ರಕ್ತಕಣಗಳು ಓಡಿಬರುತ್ತವೆ. ಬ್ಯಾಕ್ಟೀರಿಯ ಕೊಲ್ಲಲು ಅವು ಚೆಲ್ಲುವ ಆಮ್ಲಜನಕದ ತೀಕ್ಷ್ಣ ರಾಸಾಯನಿಕಗಳು ಪಕ್ಕದ ಒಳ್ಳೆಯ ಜೀವಕೋಶಗಳ ಡಿಎನ್‌ಎಯನ್ನೂ ಸುಡುತ್ತವೆ. ಸತ್ತ ಕೋಶಗಳ ಜಾಗ ತುಂಬಲು ಉಳಿದವು ಬೇಗ ಬೇಗ ವಿಭಜನೆಯಾಗುತ್ತವೆ. ಪಹಣಿಯನ್ನು ಕೈಯಲ್ಲೇ ನಕಲು ಮಾಡುತ್ತಿದ್ದ ಕಾಲ ನೆನಪಿರುವವರಿಗೆ ಇದು ತಟ್ಟನೆ ಅರ್ಥವಾಗುತ್ತದೆ: ಒಮ್ಮೆ ಸರ್ವೆ ನಂಬರಿನ ಒಂದು ಅಂಕಿ ತಪ್ಪಿದರೆ ಮುಂದಿನ ನಕಲುಗಳಿಗೆಲ್ಲ ಅದೇ ತಪ್ಪು ಇಳಿದುಬರುತ್ತದೆ. ಅವಸರದಲ್ಲಿ, ಹೊಗೆ ತುಂಬಿದ ಕೋಣೆಯಲ್ಲಿ ಕೂತು ನಕಲು ಮಾಡಿದರೆ ತಪ್ಪು ಹೆಚ್ಚು.

1999ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಡಿ ಮಾರ್ಜೊ ಮತ್ತು ಸಂಗಡಿಗರು ಪ್ರಾಸ್ಟೇಟಿನಲ್ಲಿ ಒಂದು ಬಗೆಯ ತೇಪೆಗಳನ್ನು ವಿವರಿಸಿದರು. ಅಲ್ಲಿ ಗ್ರಂಥಿ ಸೊರಗಿರುತ್ತದೆ, ಸುತ್ತ ಬಾವಿನ ಕಣಗಳಿರುತ್ತವೆ, ಆದರೂ ಕೋಶಗಳು ಭರದಿಂದ ಹುಟ್ಟುತ್ತಿರುತ್ತವೆ. ಸೊರಗಿದ ಜಾಗದಲ್ಲಿ ಬೆಳವಣಿಗೆ ನಡೆಯುವುದೇ ವಿಚಿತ್ರ. ಇದಕ್ಕೆ ಪಿಐಎ ಎಂಬ ಹೆಸರು ಬಂತು. ವಿಷವನ್ನು ನಿರ್ವಿಷ ಮಾಡುವ ಜಿಎಸ್‌ಟಿಪಿ1 ಎಂಬ ಕಾವಲು ಜೀನು ಬಹುತೇಕ ಪ್ರಾಸ್ಟೇಟ್ ಕ್ಯಾನ್ಸರುಗಳಲ್ಲಿ ಬಾಯಿ ಮುಚ್ಚಿಕೊಂಡಿರುತ್ತದೆ. ಈ ತೇಪೆಗಳ ಕೆಲವು ಕೋಶಗಳಲ್ಲೂ ಅದು ಆಗಲೇ ಮೌನವಾಗಿರುವುದು ಕಂಡುಬಂದಿದೆ. ಒಮ್ಮೆ ಕ್ಯಾನ್ಸರ್ ಹುಟ್ಟಿದ ಮೇಲೂ ಬಾವಿನ ಪಾತ್ರ ಮುಗಿಯುವುದಿಲ್ಲ. ಐಎಲ್-6ನಂಥ ಸಂದೇಶವಾಹಕಗಳು ಕ್ಯಾನ್ಸರ್ ಕೋಶಕ್ಕೆ ಬೆಳೆಯುವ ಸೂಚನೆ ಕೊಡುತ್ತವೆ, ಪುರುಷ ಹಾರ್ಮೋನು ಕಡಿಮೆಯಿದ್ದಾಗಲೂ ಅದರ ಗ್ರಾಹಕವನ್ನು ಎಬ್ಬಿಸಬಲ್ಲವು. ಗಡ್ಡೆಯೊಳಗೆ ಸೇರಿಕೊಂಡ ಕೆಲವು ಪ್ರತಿರಕ್ಷಣಾ ಕಣಗಳು ಕ್ಯಾನ್ಸರಿನ ಮೇಲೆ ಬೀಳಬೇಕಾದ ಟಿ ಕಣಗಳನ್ನೇ ತಡೆದು ನಿಲ್ಲಿಸುತ್ತವೆ. ಕಾವಲುಗಾರ ಕಳ್ಳನ ಜೊತೆ ಸೇರಿಕೊಂಡ ಹಾಗೆ.

ಇಷ್ಟಾದರೂ ‘ಉರಿಯೂತ ಇದ್ದವರಿಗೆಲ್ಲ ಕ್ಯಾನ್ಸರ್’ ಎಂದು ಹೇಳುವಂತಿಲ್ಲ. 2014ರಲ್ಲಿ ಬಂದ ಎರಡು ವಿಶ್ಲೇಷಣೆಗಳು ಒಂದಕ್ಕೊಂದು ಬೆನ್ನು ತಿರುಗಿಸಿ ನಿಂತಿವೆ. ಪಿಸಿಪಿಟಿ ಎಂಬ ದೊಡ್ಡ ಪ್ರಯೋಗದ ಅಂಗಾಂಶ ನೋಡಿದಾಗ, ಕ್ಯಾನ್ಸರ್ ಇದ್ದವರಲ್ಲಿ ಸುಮಾರು 86%, ಇಲ್ಲದವರಲ್ಲಿ ಸುಮಾರು 78% ಮಂದಿಯ ಒಂದಾದರೂ ತುಣುಕಿನಲ್ಲಿ ಬಾವು ಇತ್ತು. ವ್ಯತ್ಯಾಸ ಇದೆ. ಆದರೆ ಕ್ಯಾನ್ಸರ್ ಇಲ್ಲದವರಲ್ಲೇ ನಾಲ್ವರಲ್ಲಿ ಮೂವರಿಗೆ ಬಾವಿತ್ತು ಅನ್ನುವುದನ್ನೂ ನೋಡಿ. ರೆಡ್ಯೂಸ್ ಎಂಬ ಇನ್ನೊಂದು ಪ್ರಯೋಗದಲ್ಲಿ, ಮೊದಲ ಬಯಾಪ್ಸಿಯಲ್ಲಿ (ಗ್ರಂಥಿಯ ಸಣ್ಣ ತುಣುಕು ತೆಗೆದು ನೋಡುವ ಪರೀಕ್ಷೆ) ಬರೀ ಬಾವು ಕಂಡವರಲ್ಲಿ ಮುಂದೆ ಕ್ಯಾನ್ಸರ್ ಸಿಕ್ಕಿದ್ದು ಕಡಿಮೆ. ಅವರ ಪಿಎಸ್‌ಎ ಏರಿದ್ದಕ್ಕೆ ಬಾವೇ ಕಾರಣವಾಗಿತ್ತು ಅನ್ನುವುದು ಒಂದು ಸಮರ್ಥ ವಿವರಣೆ. ಬಾವು ಒಂದು ಕಡೆ ಬೆಂಕಿಗೆ ಗಾಳಿ, ಇನ್ನೊಂದು ಕಡೆ ಸುಳ್ಳು ಹೊಗೆ. ರಿಪೋರ್ಟ್ ಹಿಡಿದವರು ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನ ಹೆಜ್ಜೆ ಇಡಬೇಕು.

ಮೊದಲ ಕೆಲಸ: ಜ್ವರ ಇದೆಯೇ, ಮೂತ್ರ ಕಟ್ಟಿದೆಯೇ

ಚಳಿಜ್ವರ, ಒಂದಕ್ಕೆ ಹೋದರೆ ಉರಿ, ವೃಷಣ ಮತ್ತು ಗುದದ ನಡುವಿನ ಜಾಗದಲ್ಲಿ ನೋವು, ಹನಿ ಹನಿಯಾಗಿ ಬರುವ ಮೂತ್ರ: ಇವು ಒಟ್ಟಿಗೆ ಬಂದರೆ ತೀವ್ರ ಪ್ರಾಸ್ಟೇಟ್ ಉರಿಯೂತವೆಂದೇ ಹಿಡಿದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮೂತ್ರ ಪೂರ್ತಿ ಕಟ್ಟಿದ್ದರೆ ರಾತ್ರಿಯಾದರೂ ಕಾಯಬೇಡಿ. ಈ ಸ್ಥಿತಿಯಲ್ಲಿ ಪಿಎಸ್‌ಎ ಪರೀಕ್ಷೆ ಮಾಡಿಸುವುದು ದುಡ್ಡು ದಂಡ. ಅಂಕಿ 20 ಇರಬಹುದು, 60 ಇರಬಹುದು, ಎರಡಕ್ಕೂ ಅರ್ಥವಿಲ್ಲ. ಗ್ರಂಥಿಯನ್ನು ಒತ್ತಿ ಮಸಾಜ್ ಮಾಡುವುದಂತೂ ಕೂಡದು. ಬ್ಯಾಕ್ಟೀರಿಯ ರಕ್ತಕ್ಕೆ ನುಗ್ಗಿ ಮೈಯೆಲ್ಲ ನಂಜಾಗಬಹುದು.

ಜ್ವರವಿಲ್ಲದೆ, ಮೂರು ತಿಂಗಳಿಗೂ ಹೆಚ್ಚು ಕಾಲ ಕೆಳಹೊಟ್ಟೆಯಲ್ಲೋ ತೊಡೆಸಂದಿಯಲ್ಲೋ ನೋವಿದ್ದರೆ ಅದು ದೀರ್ಘಕಾಲದ ಬಗೆ. ಅದರಲ್ಲೂ ಬ್ಯಾಕ್ಟೀರಿಯ ಸಿಗುವುದು ಕೆಲವರಲ್ಲಿ ಮಾತ್ರ. ಹೆಚ್ಚಿನವರಲ್ಲಿ ಕಲ್ಚರ್ (ಬ್ಯಾಕ್ಟೀರಿಯವನ್ನು ಬೆಳೆಸಿ ನೋಡುವ ಪರೀಕ್ಷೆ) ಖಾಲಿ ಬರುತ್ತದೆ, ಸೊಂಟದ ಬುಡದ ಸ್ನಾಯುಗಳ ಬಿಗಿತವೇ ನೋವಿನ ಮೂಲವಾಗಿರಬಹುದು. ನೋವಿಲ್ಲದ, ಲಕ್ಷಣವೇ ಇಲ್ಲದ ಬಾವು ಇನ್ನೊಂದು ಬಗೆ. ಅದು ಬಯಾಪ್ಸಿ ಮಾಡಿದಾಗ ಅಕಸ್ಮಾತ್ತಾಗಿ ಕಾಣಿಸುತ್ತದೆ.

ಮೂತ್ರದ ಕಲ್ಚರ್: ಮಾತ್ರೆಗಿಂತ ಮೊದಲು

ಇಲ್ಲಿ ಆಗುವ ತಪ್ಪು ಒಂದೇ, ಆದರೆ ಅದರ ಬೆಲೆ ದೊಡ್ಡದು: ಆ್ಯಂಟಿಬಯಾಟಿಕ್ ಶುರುಮಾಡಿ ಎರಡು ದಿನದ ಮೇಲೆ ಕಲ್ಚರ್‌ಗೆ ಕೊಡುವುದು. ಆಗ ಬಾಟಲಿಯಲ್ಲಿ ಏನೂ ಬೆಳೆಯುವುದಿಲ್ಲ, ಯಾವ ಮಾತ್ರೆ ನಾಟುತ್ತದೆ ಎಂದು ತಿಳಿಯುವ ದಾರಿ ಮುಚ್ಚಿಹೋಗುತ್ತದೆ.

ಲ್ಯಾಬಿನಿಂದ ಸ್ಟೆರೈಲ್ ಡಬ್ಬಿ ಕೇಳಿ ತನ್ನಿ. ಮನೆಯ ಬಾಟಲಿ ಎಷ್ಟೇ ತೊಳೆದರೂ ಬೇಡ. ಕೈ ತೊಳೆದು, ಮುಂದೊಗಲನ್ನು ಹಿಂದೆ ಸರಿಸಿ ಬರೀ ನೀರಿನಲ್ಲಿ ತೊಳೆದುಕೊಳ್ಳಬೇಕು. ಮೊದಲ ಧಾರೆಯನ್ನು ಹೊರಗೆ ಬಿಟ್ಟು, ನಡುವಿನ ಧಾರೆಯನ್ನು ಸುಮಾರು 20 ಮಿಲಿ ಹಿಡಿದು, ಡಬ್ಬಿಯ ಒಳಬದಿಗೆ ಬೆರಳು ತಾಗಿಸದೆ ಮುಚ್ಚಬೇಕು. ಎರಡು ಗಂಟೆಯೊಳಗೆ ಲ್ಯಾಬ್ ಮುಟ್ಟಬೇಕು. ಪಾವಗಡದ ಹಳ್ಳಿಯಿಂದಲೋ ಗುಡಿಬಂಡೆ ಕಡೆಯಿಂದಲೋ ಬರುವವರು ಮನೆಯಲ್ಲಿ ಹಿಡಿದು ಬಿಸಿಲಲ್ಲಿ ಬಸ್ಸಿನಲ್ಲಿ ತರುವ ಬದಲು ಲ್ಯಾಬಿನ ಶೌಚಾಲಯದಲ್ಲೇ ಹಿಡಿದುಕೊಡುವುದು ಲೇಸು. ದಾರಿಯಲ್ಲಿ ಬ್ಯಾಕ್ಟೀರಿಯ ದುಪ್ಪಟ್ಟಾಗುತ್ತಾ ಹೋಗಿ ಇಲ್ಲದ ಸೋಂಕು ಇದೆ ಎಂದಾಗುತ್ತದೆ. ದೀರ್ಘಕಾಲದ ಬಗೆಯಲ್ಲಿ ವೈದ್ಯರು ಎರಡು ಡಬ್ಬಿ ಕೇಳಬಹುದು: ಒಂದು ಗ್ರಂಥಿ ಒತ್ತುವ ಮೊದಲು, ಇನ್ನೊಂದು ಒತ್ತಿದ ಮೇಲೆ. ಎರಡನೆಯದರಲ್ಲಿ ಮಾತ್ರ ಬ್ಯಾಕ್ಟೀರಿಯ ಹೆಚ್ಚಿದ್ದರೆ ಅದರ ಮನೆ ಪ್ರಾಸ್ಟೇಟಿನಲ್ಲೇ ಇದೆ ಎಂದರ್ಥ. ಡಬ್ಬಿಗಳ ಮೇಲೆ 1, 2 ಎಂದು ಬರೆಸಿ. ಅದಲುಬದಲಾದರೆ ಪರೀಕ್ಷೆಯೇ ವ್ಯರ್ಥ.

ಮಾತ್ರೆ ಯಾಕೆ ಸೋಲುತ್ತದೆ

ಉರಿಮೂತ್ರಕ್ಕೆ ಸಾಮಾನ್ಯವಾಗಿ ಬರೆಯುವ ನೈಟ್ರೊಫ್ಯುರಾಂಟಾಯಿನ್ ಮೂತ್ರಕೋಶದಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಪ್ರಾಸ್ಟೇಟಿನೊಳಗೆ ಮಾತ್ರ ಸರಿಯಾಗಿ ಇಳಿಯುವುದಿಲ್ಲ. ಉರಿ ನಿಲ್ಲುತ್ತದೆ, ತಿಂಗಳಾದ ಮೇಲೆ ಮತ್ತೆ ಬರುತ್ತದೆ. ಗ್ರಂಥಿಯೊಳಗೆ ಇಳಿಯುವ ಸಿಪ್ರೊಫ್ಲಾಕ್ಸಸಿನ್‌ನಂಥವಕ್ಕೆ ನಮ್ಮ ದೇಶದ ಇ. ಕೋಲೈ ಬ್ಯಾಕ್ಟೀರಿಯ ಬಹಳಷ್ಟು ಕಡೆ ಬಗ್ಗುತ್ತಿಲ್ಲ. ಕಲ್ಚರ್ ರಿಪೋರ್ಟಿನ ‘ಎಸ್’, ‘ಆರ್’ ಪಟ್ಟಿ ನೋಡಿಯೇ ಮಾತ್ರೆ ಆರಿಸಬೇಕು ಅನ್ನುವುದು ಇದಕ್ಕೇ. ‘ಎಸ್’ ಅಂದರೆ ನಾಟುತ್ತದೆ, ‘ಆರ್’ ಅಂದರೆ ನಾಟುವುದಿಲ್ಲ. ಅವಧಿಯೂ ಉದ್ದ: ತೀವ್ರ ಬಗೆಗೆ ಸಾಮಾನ್ಯವಾಗಿ 2ರಿಂದ 4 ವಾರ, ದೀರ್ಘಕಾಲದ ಬ್ಯಾಕ್ಟೀರಿಯಕ್ಕೆ 4ರಿಂದ 6 ವಾರ. ನಾಲ್ಕನೇ ದಿನ ಹುಷಾರಾಯಿತೆಂದು ನಿಲ್ಲಿಸಿದವರಲ್ಲೇ ಅದು ಬೇರು ಬಿಡುವುದು. ಸಿಪ್ರೊ ಬರೆದಿದ್ದರೆ ಹಾಲು, ಮಜ್ಜಿಗೆ, ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ಗ್ಯಾಸ್ಟ್ರಿಕ್ಕಿನ ಸಿರಪ್ ಜೊತೆ ನುಂಗಬಾರದು. ಔಷಧ ಹೊಟ್ಟೆಯಲ್ಲೇ ಅವಕ್ಕೆ ಅಂಟಿಕೊಂಡು ರಕ್ತಕ್ಕೆ ಸೇರದೆ ಹೋಗುತ್ತದೆ. ಹಿಮ್ಮಡಿಯ ಮೇಲಿನ ನರದಂಥ ಗಟ್ಟಿ ಸ್ನಾಯುರಜ್ಜು ನೋಯತೊಡಗಿದರೆ ಮಾತ್ರೆ ನಿಲ್ಲಿಸಿ ವೈದ್ಯರನ್ನು ಕೇಳಿ.

ಸೋಂಕಿನ ಲಕ್ಷಣ ಒಂದೂ ಇಲ್ಲ, ಮೂತ್ರ ಚೊಕ್ಕ, ಪಿಎಸ್‌ಎ ಮಾತ್ರ ಏರಿದೆ: ಆಗ ‘ಪರೀಕ್ಷೆಗೆಂದು’ ಆ್ಯಂಟಿಬಯಾಟಿಕ್ ಕೊಟ್ಟು ನೋಡುವ ಅಭ್ಯಾಸ ಹಳೆಯದು, ಒಳ್ಳೆಯದಲ್ಲ. ಮಾತ್ರೆ ಇಲ್ಲದೆಯೂ ಹಲವರ ಪಿಎಸ್‌ಎ ತಾನಾಗಿ ಇಳಿಯುತ್ತದೆ, ಮತ್ತು ಮಾತ್ರೆಯ ನಂತರ ಇಳಿಯಿತು ಎಂದ ಮಾತ್ರಕ್ಕೆ ಕ್ಯಾನ್ಸರ್ ಇಲ್ಲ ಎಂದಾಗುವುದಿಲ್ಲ.

ಎರಡನೇ ಬಾರಿ ಪಿಎಸ್‌ಎ

ಸೋಂಕು ಇದ್ದವರು ಅದು ಗುಣವಾದ 6ರಿಂದ 8 ವಾರದ ಮೇಲೆ ರಕ್ತ ಕೊಡಬೇಕು. ಕೆಲವರಲ್ಲಿ ಅಂಕಿ ಪೂರ್ತಿ ಇಳಿಯಲು ಮೂರು ತಿಂಗಳೂ ಹಿಡಿಯುತ್ತದೆ. ಕ್ಯಾಥೆಟರ್ ಹಾಕಿದ್ದರೆ, ಬಯಾಪ್ಸಿ ಆಗಿದ್ದರೆ ಅಷ್ಟೇ ಕಾಯಬೇಕು. ರಕ್ತ ಕೊಡುವ ಹಿಂದಿನ 48 ಗಂಟೆ ದಾಂಪತ್ಯ ಸಂಪರ್ಕ ಬೇಡ, ದೂರದ ಸೈಕಲ್ ಸವಾರಿ ಬೇಡ. ಈ ಮಾತನ್ನು ಲ್ಯಾಬಿನವರು ಹಿರಿಯರಿಗೆ ಹೇಳಲು ಸಂಕೋಚಪಡುತ್ತಾರೆ, ಮಗ ಕೇಳಲು ಸಂಕೋಚಪಡುತ್ತಾನೆ, ತಪ್ಪು ಅಂಕಿ ಬರುತ್ತದೆ. ಚೀಟಿಯಲ್ಲಿ ಬರೆದು ಕೈಗೆ ಕೊಟ್ಟರೆ ಸಾಕು. ವೈದ್ಯರು ಬೆರಳಿನಿಂದ ಪರೀಕ್ಷೆ ಮಾಡುವ ದಿನವೇ ರಕ್ತ ಕೊಡುವುದಿದ್ದರೆ ಮೊದಲು ರಕ್ತ, ಆಮೇಲೆ ಪರೀಕ್ಷೆ. ಖಾಲಿ ಹೊಟ್ಟೆ ಬೇಕಿಲ್ಲ.

ಮೊದಲ ಸಲ ಕೊಟ್ಟ ಲ್ಯಾಬಿನಲ್ಲೇ ಎರಡನೆಯದನ್ನೂ ಕೊಡಿ. ಯಂತ್ರ ಬದಲಾದರೆ ಅದೇ ರಕ್ತಕ್ಕೆ ಅಂಕಿ ಬದಲಾಗುತ್ತದೆ, ಚಿಂತಾಮಣಿಯಲ್ಲಿ 5.1 ಬಂದದ್ದು ಬೆಂಗಳೂರಿನಲ್ಲಿ 4.4 ಬಂದರೆ ಇಳಿಯಿತೆಂದು ಹಿಗ್ಗುವಂತಿಲ್ಲ. ಮೂತ್ರ ಸಲೀಸಾಗಲೆಂದು ಫಿನಾಸ್ಟರೈಡ್ ಅಥವಾ ಡ್ಯುಟಾಸ್ಟರೈಡ್ ಮಾತ್ರೆಯನ್ನು ಆರು ತಿಂಗಳಿಗಿಂತ ಹೆಚ್ಚು ಕಾಲ ನುಂಗುತ್ತಿರುವವರ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ಅವರ ರಿಪೋರ್ಟಿನ 3.2 ಅನ್ನು 6.4 ಎಂದೇ ಓದಬೇಕು. ಟ್ಯಾಮ್ಸುಲೋಸಿನ್ ಜೊತೆ ಡ್ಯುಟಾಸ್ಟರೈಡ್ ಸೇರಿಸಿದ ಕ್ಯಾಪ್ಸೂಲುಗಳೂ ಬಹಳ ಚಾಲ್ತಿಯಲ್ಲಿವೆ, ಸ್ಟ್ರಿಪ್ಪಿನ ಹಿಂದಿನ ಸಣ್ಣ ಅಕ್ಷರ ಓದಿ.

‘ಫ್ರೀ ಪಿಎಸ್‌ಎ’ (ರಕ್ತದಲ್ಲಿ ಬೇರೆ ಪ್ರೋಟೀನಿಗೆ ಅಂಟಿಕೊಳ್ಳದೆ ಬಿಡಿಯಾಗಿರುವ ಪಿಎಸ್‌ಎ) ಮಾಡಿಸಿದರೆ ಎಲ್ಲ ತಿಳಿಯುತ್ತದೆ ಎಂಬ ನಂಬಿಕೆ ಇದೆ. ಒಟ್ಟು ಪಿಎಸ್‌ಎ 4ರಿಂದ 10ರ ನಡುವೆ ಇದ್ದಾಗ ಫ್ರೀ ಪ್ರಮಾಣ 25% ಮೀರಿದ್ದರೆ ಕ್ಯಾನ್ಸರಿನ ಸಂಭವ ಕಡಿಮೆ, 10%ಗಿಂತ ಕೆಳಗಿದ್ದರೆ ಹೆಚ್ಚು, ನಿಜ. ಆದರೆ ಬಾವು ಕೂಡ ಫ್ರೀ ಪ್ರಮಾಣವನ್ನು ತಗ್ಗಿಸುತ್ತದೆ. ಅಂದರೆ ನಾವು ಯಾವ ಎರಡನ್ನು ಬೇರೆ ಮಾಡಬೇಕೋ ಅಲ್ಲೇ ಈ ಪರೀಕ್ಷೆ ಕೈಕೊಡುತ್ತದೆ.

ಅದಕ್ಕಿಂತ ಉಪಯೋಗದ್ದು, ಖರ್ಚಿಲ್ಲದ್ದು, ಪಿಎಸ್‌ಎ ಸಾಂದ್ರತೆಯ ಲೆಕ್ಕ. ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಪ್ರಾಸ್ಟೇಟಿನ ಮೂರು ಅಳತೆ ಸೆಂಟಿಮೀಟರಿನಲ್ಲಿ ಇರುತ್ತವೆ. 4.5, 4.0, 3.8 ಎಂದಿದ್ದರೆ ಮೂರನ್ನೂ ಗುಣಿಸಿ, ಬಂದದ್ದನ್ನು 0.52ರಿಂದ ಗುಣಿಸಿ: 35.6 ಸಿಸಿ. ಈಗ ಪಿಎಸ್‌ಎ 7.8 ಅನ್ನು 35.6ರಿಂದ ಭಾಗಿಸಿದರೆ 0.22. ಇದು 0.15 ಮೀರಿದರೆ ಅನುಮಾನ ಬಲವಾಗುತ್ತದೆ. ಅದೇ 7.8, ಗ್ರಂಥಿ 70 ಸಿಸಿ ಇದ್ದವರಲ್ಲಿ 0.11 ಮಾತ್ರ, ವಯಸ್ಸಿಗೆ ಊದಿಕೊಂಡ ಗ್ರಂಥಿಯೇ ಅಷ್ಟನ್ನು ಸುರಿಸುತ್ತಿರಬಹುದು. ಬಾವು ಇಳಿದ ಮೇಲೆ ಬಂದ ಪಿಎಸ್‌ಎಯನ್ನೇ ಈ ಲೆಕ್ಕಕ್ಕೆ ಬಳಸಬೇಕು.

ಎಂಆರ್‌ಐ ಮತ್ತು ಬಯಾಪ್ಸಿಯ ಭಾಷೆ

ಎರಡನೇ ಅಂಕಿಯೂ ಎತ್ತರದಲ್ಲೇ ಇದ್ದರೆ, ಅಥವಾ ಬೆರಳಿಗೆ ಗಟ್ಟಿ ಗಂಟು ಸಿಕ್ಕಿದರೆ (ಆಗ ಪಿಎಸ್‌ಎ ಎಷ್ಟೇ ಇರಲಿ), ಮುಂದಿನದು ಎಂಆರ್‌ಐ. ಅದರ ಫಲಿತಾಂಶ ಪೈ-ರಾಡ್ಸ್ ಎಂಬ 1ರಿಂದ 5ರ ಅಂಕದಲ್ಲಿ ಬರುತ್ತದೆ, ಅಂಕ ಏರಿದಷ್ಟೂ ಕ್ಯಾನ್ಸರಿನ ಅನುಮಾನ ಹೆಚ್ಚು. ಬಾವು ಸಾಮಾನ್ಯವಾಗಿ ಹರಡಿಕೊಂಡಂತೆ, ಬೆಣೆಯ ಆಕಾರದಲ್ಲಿ ಕಾಣುತ್ತದೆ. ಕ್ಯಾನ್ಸರ್ ಒಂದೆಡೆ ಉಂಡೆ ಕಟ್ಟಿದಂತೆ. ಆದರೂ ಬಾವು 3, 4ರ ಅಂಕ ಗಿಟ್ಟಿಸಿ ಮೋಸ ಮಾಡುವುದುಂಟು. ಪ್ರಾಸ್ಟೇಟಿನ ಕ್ಷಯ, ಮೂತ್ರಕೋಶದ ಕ್ಯಾನ್ಸರಿಗೆ ಬಿಸಿಜಿ ಔಷಧ ಹಾಕಿಸಿಕೊಂಡವರಲ್ಲಿ ಬರುವ ಗ್ರಾನುಲೊಮಾ ಎಂಬ ಬಾವಿನ ಗಂಟು, ಇವೆರಡೂ ಬೆರಳಿಗೂ ಎಂಆರ್‌ಐಗೂ ಥೇಟ್ ಕ್ಯಾನ್ಸರಿನಂತೆಯೇ ಸಿಗುತ್ತವೆ. ಹಿಂದೆ ಟಿಬಿ ಆಗಿದ್ದರೆ ಅದನ್ನು ಮರೆಮಾಚಬೇಡಿ.

ಬಯಾಪ್ಸಿಯಲ್ಲಿ ಸಾಮಾನ್ಯವಾಗಿ 12 ತುಣುಕು ತೆಗೆಯುತ್ತಾರೆ, ಅನುಮಾನದ ಜಾಗವಿದ್ದರೆ ಅಲ್ಲಿಂದ ಇನ್ನೆರಡು ಮೂರು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಮೊದಲೇ ಹೇಳಬೇಕು, ತಾವೇ ನಿಲ್ಲಿಸಬಾರದು. ಮಾಡಿಸಿಕೊಂಡ ಮೊದಲ ಕೆಲವು ದಿನಗಳಲ್ಲಿ ಚಳಿಜ್ವರ ಬಂದರೆ ಪ್ಯಾರಾಸಿಟಮಾಲ್ ನುಂಗಿ ಮಲಗುವಂತಿಲ್ಲ, ನೇರ ಆಸ್ಪತ್ರೆ. ರಿಪೋರ್ಟಿನಲ್ಲಿ ‘ಕ್ರಾನಿಕ್ ಇನ್‌ಫ್ಲಮೇಶನ್’ (ದೀರ್ಘಕಾಲದ ಬಾವು), ‘ಅಟ್ರೊಫಿ’ (ಸೊರಗಿದ ಗ್ರಂಥಿ) ಎಂದಷ್ಟೇ ಇದ್ದರೆ ಆ ತುಣುಕುಗಳಲ್ಲಿ ಕ್ಯಾನ್ಸರ್ ಸಿಕ್ಕಿಲ್ಲ. ಪಿಎಸ್‌ಎ ನಿಗಾ ಮುಂದುವರಿಯಬೇಕು. ‘ಎಎಸ್‌ಎಪಿ’ ಎಂಬ ನಾಲ್ಕಕ್ಷರ ಕಂಡರೆ, ಅನುಮಾನವಿದೆ ಆದರೆ ಹೇಳುವಷ್ಟು ಅಂಗಾಂಶವಿಲ್ಲ ಎಂದರ್ಥ, 3ರಿಂದ 6 ತಿಂಗಳಲ್ಲಿ ಮತ್ತೆ ಬಯಾಪ್ಸಿ ಬೇಕಾಗುತ್ತದೆ. ಕ್ಯಾನ್ಸರ್ ಸಿಕ್ಕಿದ್ದರೆ ಅದರ ಉಗ್ರತೆಯನ್ನು ಗ್ಲೀಸನ್ ಎಂಬ ಅಂಕದಲ್ಲಿ ಬರೆಯುತ್ತಾರೆ: ‘ಗ್ಲೀಸನ್ 6’ ನಿಧಾನದ ಜಾತಿ, 8ರಿಂದ 10 ಆಕ್ರಮಣದ ಜಾತಿ.

ಫ್ಲೋರೈಡ್ ಊರುಗಳಿಗೆ ಒಂದು ಎಚ್ಚರಿಕೆ

ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇರುವುದು ಹೊಸ ಸುದ್ದಿಯಲ್ಲ. ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು; ಅದಕ್ಕಿಂತ ಬಹಳ ಹೆಚ್ಚಿರುವ ನೀರನ್ನು ದಶಕಗಳ ಕಾಲ ಕುಡಿದವರ ಬೆನ್ನುಮೂಳೆ, ಸೊಂಟದ ಮೂಳೆ ಎಕ್ಸ್‌ರೇಯಲ್ಲಿ ಬೆಳ್ಳಗೆ ದಟ್ಟವಾಗಿ ಕಾಣುತ್ತವೆ, ರಕ್ತದಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಏರಿರುತ್ತದೆ. ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹರಡಿದಾಗಲೂ ಮೂಳೆ ಬೆಳ್ಳಗಾಗುತ್ತದೆ, ಫಾಸ್ಫಟೇಸ್ ಏರುತ್ತದೆ. ಬಾವಿನಿಂದ ಪಿಎಸ್‌ಎ ಏರಿದ, ಬೆನ್ನು ಬಿಗಿದ ಅಜ್ಜನೊಬ್ಬನಿಗೆ ‘ಮೂಳೆಗೆ ಹರಡಿದೆ’ ಎಂದು ಹೇಳಿಬಿಡುವ ಸಂಭವ ಇದರಿಂದ ನಿಜಕ್ಕೂ ಇದೆ. ಫ್ಲೋರೋಸಿಸ್‌ನಲ್ಲಿ ಬಿಳುಪು ಎಲ್ಲ ಕಡೆ ಸಮನಾಗಿರುತ್ತದೆ, ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆ ಸುಣ್ಣಗಟ್ಟಿರುತ್ತದೆ. ಕ್ಯಾನ್ಸರಿನದು ಚುಕ್ಕೆ ಚುಕ್ಕೆ. ಊರು, ಕುಡಿದ ನೀರು, ಹಲ್ಲಿನ ಕಂದು ಕಲೆ, ಈ ಮೂರನ್ನೂ ವೈದ್ಯರಿಗೆ ನೀವೇ ಹೇಳಿ. ಬೆಂಗಳೂರಿನವರು ಕೇಳಲಿಕ್ಕಿಲ್ಲ. ಮುಂಗೈಯ ಒಂದು ಎಕ್ಸ್‌ರೇ ಅಗ್ಗದ್ದು, ಬಹಳಷ್ಟು ಗೊಂದಲ ಬಿಡಿಸುತ್ತದೆ.

ಊಟ, ಮಾತ್ರೆ, ಕಷಾಯ

ಬಾವು ತಗ್ಗಿಸುವ ಮಾತ್ರೆ ತಿಂದರೆ ಕ್ಯಾನ್ಸರ್ ತಪ್ಪುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ಆ ಉದ್ದೇಶಕ್ಕೆ ಆಸ್ಪಿರಿನ್, ಡೈಕ್ಲೊಫಿನಾಕ್ ನುಂಗಬಾರದು: ಹೊಟ್ಟೆಯ ಹುಣ್ಣು, ರಕ್ತಸ್ರಾವ, ಮೂತ್ರಪಿಂಡದ ಹಾನಿಯ ಅಪಾಯ ಖಚಿತ, ಲಾಭ ಖಚಿತವಲ್ಲ. ವಿಟಮಿನ್ ಇ ಅಂತೂ ಪಾಠವನ್ನೇ ಕಲಿಸಿದೆ. ಸೆಲೆಕ್ಟ್ ಎಂಬ ಪ್ರಯೋಗದಲ್ಲಿ ದಿನಕ್ಕೆ 400 ಯೂನಿಟ್ ನುಂಗಿದವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ 17% ಹೆಚ್ಚಾಯಿತು ಎಂದು 2011ರಲ್ಲಿ ತಿಳಿಯಿತು. ಆ ಹಸಿರು ಕ್ಯಾಪ್ಸೂಲನ್ನು ‘ಶಕ್ತಿಗೆ’ ಎಂದು ತಿಂಗಳುಗಟ್ಟಲೆ ತಿನ್ನುವವರು ನಿಲ್ಲಿಸಲಿ.

ಕೋಲಾರದ ಟೊಮ್ಯಾಟೊ ಬಗ್ಗೆ ಕೇಳದೆ ಬಿಡುವವರಿಲ್ಲ. ಅದರ ಕೆಂಪು ಲೈಕೊಪೀನ್ ಎಣ್ಣೆಯಲ್ಲಿ ಬೇಯಿಸಿದಾಗ ಮೈಗೆ ಚೆನ್ನಾಗಿ ಹತ್ತುತ್ತದೆ, ಗೊಜ್ಜು ಒಳ್ಳೆಯದೇ, ಆದರೆ ಔಷಧ ಎನ್ನುವಷ್ಟು ಸಾಕ್ಷ್ಯವಿಲ್ಲ. ಮಾಂಸವನ್ನು ಕೆಂಡದಲ್ಲಿ ಕಪ್ಪಾಗುವಷ್ಟು ಸುಟ್ಟಾಗ ಹುಟ್ಟುವ ಪಿಎಚ್‌ಐಪಿ ಎಂಬ ವಸ್ತು ಇಲಿಗಳ ಪ್ರಾಸ್ಟೇಟಿನಲ್ಲಿ ಬಾವನ್ನೂ ಕ್ಯಾನ್ಸರನ್ನೂ ತಂದಿದೆ. ಮನುಷ್ಯರಲ್ಲಿ ಅಷ್ಟು ಸ್ಪಷ್ಟವಿಲ್ಲ. ನಾಟಿಕೋಳಿ ಸಾರಿಗೆ ಆ ದೋಷವಿಲ್ಲ. ಹೆಚ್ಚು ಭರವಸೆಯ ಕೆಲಸ ಹೊಟ್ಟೆ ಕರಗಿಸುವುದು. ಸೊಂಟದ ಬೊಜ್ಜೇ ಬಾವಿನ ರಾಸಾಯನಿಕಗಳ ಕಾರ್ಖಾನೆ, ಸ್ಥೂಲಕಾಯದವರಲ್ಲಿ ಆಕ್ರಮಣದ ಜಾತಿಯ ಪ್ರಾಸ್ಟೇಟ್ ಕ್ಯಾನ್ಸರ್ ಹೆಚ್ಚು. ಗಂಡಸರ ಸೊಂಟದ ಸುತ್ತಳತೆ 90 ಸೆಂ.ಮೀ. ಒಳಗಿರಲಿ, ವಾರಕ್ಕೆ 150 ನಿಮಿಷ ಬಿರುಸು ನಡಿಗೆ ಇರಲಿ. ರಾಗಿಮುದ್ದೆ ಒಳ್ಳೆಯದೆಂದು ಎರಡು ದೊಡ್ಡ ಮುದ್ದೆ ಉಂಡು ಮಧ್ಯಾಹ್ನ ಮಲಗಿದರೆ ಸುತ್ತಳತೆ ಇಳಿಯುವುದಿಲ್ಲ. ಶಿಡ್ಲಘಟ್ಟದ ರೇಷ್ಮೆ ರೀಲಿಂಗ್ ಘಟಕಗಳಲ್ಲಿ ದಿನವಿಡೀ ಕೂರುವವರು, ಬಸ್ ಚಾಲಕರು ಒಂದಕ್ಕೆ ಏಳಬೇಕಾದೀತೆಂದು ನೀರು ಕುಡಿಯದೆ, ಬಂದದ್ದನ್ನು ತಡೆದು ಕೂರುತ್ತಾರೆ. ಎರಡರಿಂದ ಮೂರು ಗಂಟೆಗೊಮ್ಮೆ ಏಳಲೇಬೇಕು. ಗಂಟೆಗಟ್ಟಲೆ ಕೂತು ನೋಯುವವರಿಗೆ ನಡುವೆ ತೂತಿರುವ ಮೆತ್ತೆ, 10–15 ನಿಮಿಷ ಬೆಚ್ಚನೆ ನೀರಿನ ಟಬ್ಬಿನಲ್ಲಿ ಕೂರುವುದು ನೋವಿಗೆ ಆರಾಮ ಕೊಡುತ್ತವೆ. ನೆಗ್ಗಿಲು ಕಷಾಯ ಕುಡಿಯುತ್ತಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ. ಹೆಸರು, ಪಟ್ಟಿ ಇಲ್ಲದ ಪೊಟ್ಟಣದ ಪುಡಿ ಮಾತ್ರ ಬೇಡ.

ಕಾಗದ ಪತ್ರ

ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಡಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆಯಿದೆ. ತುರ್ತು ಅಲ್ಲದ ಕೆಲಸಕ್ಕೆ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು, ಅದಿಲ್ಲದೆ ಬೆಂಗಳೂರಿನ ಹೊಸೂರು ರಸ್ತೆಯ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ವಿಕ್ಟೋರಿಯಾ ಆವರಣದ ನೆಫ್ರೊ-ಯುರಾಲಜಿ ಸಂಸ್ಥೆಗೋ ಹೋದರೆ ಪತ್ರಕ್ಕಾಗಿ ವಾಪಸ್ ಓಡಾಡಬೇಕಾಗುತ್ತದೆ. ಕೋಲಾರದವರು ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲಿ, ತುಮಕೂರು, ಚಿಕ್ಕಬಳ್ಳಾಪುರದವರು ತಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಬಹುದು. ಒಂದು ಹಾಳೆಯಲ್ಲಿ ಪಿಎಸ್‌ಎ ತಾರೀಖು, ಅಂಕಿ, ಲ್ಯಾಬ್, ಆಗ ಜ್ವರ ಇತ್ತೇ, ಯಾವ ಮಾತ್ರೆ ಎಷ್ಟು ದಿನ, ಇಷ್ಟನ್ನು ಸಾಲಾಗಿ ಬರೆದಿಡಿ. ಬಯಾಪ್ಸಿ ಆಗಿದ್ದರೆ ರಿಪೋರ್ಟಿನ ಜೊತೆಗೆ ಗಾಜಿನ ಸ್ಲೈಡು ಮತ್ತು ಮೇಣದ ಬ್ಲಾಕನ್ನೂ ಲ್ಯಾಬಿನಿಂದ ಕೇಳಿ ಪಡೆಯಿರಿ. ದೊಡ್ಡ ಆಸ್ಪತ್ರೆಯವರು ಮತ್ತೊಮ್ಮೆ ನೋಡುತ್ತಾರೆ. ಬ್ಲಾಕನ್ನು ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ, ಮೇಣ ಕರಗಬಹುದು.

ಇದೆಲ್ಲ ನಡೆಯುವ ನಡುವೆ ಹೊಸದಾಗಿ ಬೆನ್ನುನೋವು ಬಂದು ಕಾಲು ಸೋಲತೊಡಗಿದರೆ, ಅಥವಾ ಮಲಮೂತ್ರದ ಹಿಡಿತ ತಪ್ಪಿದರೆ, ಆರು ವಾರದ ಲೆಕ್ಕವನ್ನು ಬದಿಗಿಟ್ಟು ಅದೇ ರಾತ್ರಿ ಎಂಆರ್‌ಐ ಇರುವ ಆಸ್ಪತ್ರೆಗೆ ಹೊರಡಿ. ಬೆನ್ನುಹುರಿ ಅದುಮಿಕೊಂಡಿದ್ದರೆ ಕಾಲು ಉಳಿಸಿಕೊಳ್ಳಲು ಸಿಗುವ ಸಮಯ ಗಂಟೆಗಳ ಲೆಕ್ಕದ್ದು.